ಜೋಳವಾಳಿ, ಬಾಡೂಟ, ಬಿಟ್ಟಿ: ಚುನಾವಣೆಯ ಅನ್ನಕ್ಕೆ ಕನ್ನಡ ಬರೆದ ಲೆಕ್ಕ

೧

ಚುನಾವಣೆಯ ದಿನಗಳ ಊಟೋಪಚಾರವನ್ನು ಕುರಿತು ಕನ್ನಡದಲ್ಲಿ ಬಳಕೆಯಾಗುವ ಮಾತುಗಳು ಒಂದು ಚಿಕ್ಕ ಪದಕೋಶಕ್ಕೆ ಸಾಲುವಷ್ಟಿವೆ. ಬಾಡೂಟ, ಎಂಜಲುಕಾಸು, ಗಂಜಿಕೇಂದ್ರ, ಬಿಟ್ಟಿಭಾಗ್ಯ, ಬೇಳೆ ಬೇಯಿಸಿಕೊಳ್ಳುವುದು, ನುಂಗಿ ನೀರು ಕುಡಿಯುವುದು ಮುಂತಾದವು ಪತ್ರಿಕೆಯ ತಲೆಬರಹದಿಂದ ಹಿಡಿದು ಚಹಾದಂಗಡಿಯ ಮಾತುಕತೆಯವರೆಗೆ ಹರಡಿಕೊಂಡಿವೆ. ಇವನ್ನು ಸಂಗ್ರಹಿಸುವ ಉತ್ಸಾಹ ನಮ್ಮಲ್ಲಿ ಕಡಮೆಯೇನಿಲ್ಲ. ಆದರೆ ಸಂಗ್ರಹಿಸಿದವರು ಬಹುಮಟ್ಟಿಗೆ ಇವುಗಳನ್ನು ಜನರ ಹಾಸ್ಯಪ್ರಜ್ಞೆಯ ಮಾದರಿಗಳೆಂದು ಪಟ್ಟಿಮಾಡಿ ಅಲ್ಲಿಗೇ ನಿಲ್ಲುತ್ತಾರೆ. ಆಡುಮಾತಿನ ಪದಗಳಿಗೆ ಚರಿತ್ರೆಯೊಂದಿದೆ, ಆ ಚರಿತ್ರೆಯಲ್ಲಿ ಗೆದ್ದವರೂ ಸೋತವರೂ ಇದ್ದಾರೆ ಎಂಬ ಅರಿವು ಈ ಪಟ್ಟಿಗಳಲ್ಲಿ ಕಾಣುವುದು ವಿರಳ.

ಪ್ರಸ್ತುತ ಲೇಖನದಲ್ಲಿ ನಾವು ಈ ಮಾತುಗಳನ್ನು ಒಂದು ಋಣದ ಲೆಕ್ಕವಾಗಿ ಓದಲು ಯತ್ನಿಸಿದ್ದೇವೆ. ಅನ್ನ ಎಲ್ಲಿ ಕೈಬದಲಾಯಿಸುತ್ತದೆಯೋ ಅಲ್ಲಿ ಋಣವೊಂದು ಹುಟ್ಟುತ್ತದೆ ಎಂಬುದು ನಮ್ಮ ಸಂಸ್ಕೃತಿಯ ಹಳೆಯ ತಿಳಿವಳಿಕೆ. ಆದರೆ ಆ ಋಣ ಯಾರದು? ಉಂಡವನದೋ, ಉಣ್ಣಿಸಿದವನದೋ? ಈ ಪ್ರಶ್ನೆಗೆ ಕನ್ನಡ ಒಂದೇ ಉತ್ತರ ಕೊಟ್ಟಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರ ಬಾಯಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ. ಇಂದಿನ ರಾಜಕೀಯ ಆಡುನುಡಿಯಲ್ಲಿ ಆ ಉತ್ತರ ಬಡ ಮತದಾರನಿಗೆ ವಿರುದ್ಧವಾಗಿ ಬಾಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಪದಗಳ ಆಧಾರದಿಂದಲೇ ತೋರಿಸಬೇಕಾಗಿದೆ.

೨

ಮೊದಲು ಎರಡು ಕ್ರಿಯಾಪದಗಳನ್ನು ಗಮನಿಸೋಣ. ಕನ್ನಡದಲ್ಲಿ ‘ಉಣ್ಣು’ ಮತ್ತು ‘ತಿನ್ನು’ ಒಂದೇ ಅಲ್ಲ. ಉಣ್ಣುವುದು ಊಟವನ್ನು, ತಿನ್ನುವುದು ಹಣ್ಣು, ತಿಂಡಿ, ಎಲೆಯಡಿಕೆಗಳನ್ನು. ಆದರೆ ವ್ಯತ್ಯಾಸ ಪದಾರ್ಥದಲ್ಲಿ ಮಾತ್ರವಿಲ್ಲ. ಉಣ್ಣುವವನ ಎದುರು ಬಡಿಸುವವನೊಬ್ಬನಿದ್ದಾನೆ. ಉಣಿಸು, ಉಣಬಡಿಸು ಎಂಬ ರೂಪಗಳು ಸಹಜವಾಗಿಯೇ ಅದರ ಜೊತೆಗಿವೆ. ತಿನ್ನುವವನಿಗೆ ಬಡಿಸುವವನ ಅಗತ್ಯವಿಲ್ಲ. ಆದ್ದರಿಂದಲೇ ಲಂಚದ ಸಂಗತಿ ಬಂದಾಗ ಕನ್ನಡಿಗನು ಯಾವ ಹಿಂಜರಿಕೆಯೂ ಇಲ್ಲದೆ ‘ತಿನ್ನು’ ಎಂಬುದನ್ನು ಆರಿಸಿಕೊಳ್ಳುತ್ತಾನೆ. ಲಂಚ ತಿಂದ, ದುಡ್ಡು ತಿಂದ, ರಸ್ತೆಯ ಜಲ್ಲಿಯನ್ನೂ ತಿಂದ ಎನ್ನುತ್ತೇವೆ; ಲಂಚ ಉಂಡ ಎಂದು ಯಾರೂ ಹೇಳುವುದಿಲ್ಲ. ಅಪರಾಧ ದೊಡ್ಡದಾದಷ್ಟೂ ಕ್ರಿಯಾಪದ ಮನುಷ್ಯನಿಂದ ದೂರ ಸರಿಯುತ್ತದೆ. ತಿಂದವನು ‘ನುಂಗಿ ನೀರು ಕುಡಿಯು’ತ್ತಾನೆ, ಕಾಯಬೇಕಾದವನೇ ತಿಂದರೆ ಬೇಲಿಯೇ ಎದ್ದು ಹೊಲ ‘ಮೇಯ್ದಂತೆ’ ಆಗುತ್ತದೆ. ಅನ್ನವನ್ನೇ ಕುರಿತು ಹೇಳುವಾಗಲೂ ಬೈಗುಳದಲ್ಲಿ ಪದ ಬದಲಾಗುವುದನ್ನು ಗಮನಿಸಬೇಕು. ‘ಹೊಟ್ಟೆಗೆ ಅನ್ನ ತಿನ್ನುತ್ತೀಯೋ ಮತ್ತೇನು ತಿನ್ನುತ್ತೀಯೋ’ ಎಂದು ಕೇಳುವವನು ‘ಉಣ್ಣು’ ಎಂಬ ಪದದ ಮರ್ಯಾದೆಯನ್ನು ಎದುರಿಗಿದ್ದವನಿಂದ ಕಿತ್ತುಕೊಂಡಿರುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ವಿಭಾಗ ಎಲ್ಲ ಪ್ರಾದೇಶಿಕ ಪ್ರಭೇದಗಳಲ್ಲಿಯೂ ಒಂದೇ ಬಗೆಯಾಗಿಲ್ಲ. ಮಂಡ್ಯ, ತುಮಕೂರುಗಳ ಕಡೆ ರಾಗಿಮುದ್ದೆಯನ್ನು ನುಂಗುತ್ತಾರೆ. ಅದರಲ್ಲಿ ನಿಂದೆಯ ಲೇಶವೂ ಇಲ್ಲ. ನುಂಗುವುದು ಮುದ್ದೆಯ ಗುಣ, ನುಂಗುವವನ ದೋಷವಲ್ಲ. ಆದರೆ ರಾಜಕಾರಣದ ಸಂದರ್ಭಕ್ಕೆ ಬಂದೊಡನೆ ಅದೇ ಪ್ರದೇಶದ ಬಾಯಲ್ಲಿ ಅದೇ ಪದ ದೂಷಣೆಯಾಗುತ್ತದೆ.

ಹೊರನಾಡಿನಲ್ಲಿ ಕೆಲಸಮಾಡುವ ನಮ್ಮ ಸಂಶೋಧಕರಿಗೆ ಇದರಲ್ಲಿ ತೌಲನಿಕ ಅಧ್ಯಯನದ ಒಳ್ಳೆಯ ಸಾಮಗ್ರಿಯಿದೆ. ಹಿಂದಿಯಲ್ಲಿ ಅನ್ನಕ್ಕೂ ಲಂಚಕ್ಕೂ ‘ಖಾನಾ’ ಎಂಬ ಒಂದೇ ಕ್ರಿಯಾಪದ. ತೆಲುಗಿನಲ್ಲಿಯೂ ಅನ್ನಕ್ಕೆ ಸಲ್ಲುವ ‘ತಿನು’ ಲಂಚಕ್ಕೂ ಸಲ್ಲುತ್ತದೆ. ಮರಾಠಿಯಲ್ಲಿ ‘ಜೇವಣೆ’ ಮತ್ತು ‘ಖಾಣೆ’ ಬೇರೆ ಬೇರೆ. ಅಲ್ಲಿ ಹಣ ಹೊಡೆಯುವುದಕ್ಕೆ ಸಲ್ಲುವುದು ಎರಡನೆಯದು ಮಾತ್ರ. ತಾನು ತಿನ್ನುವುದಿಲ್ಲ, ತಿನ್ನಲು ಬಿಡುವುದೂ ಇಲ್ಲ ಎಂಬ ಅರ್ಥದ ಹಿಂದಿ ಘೋಷಣೆಯೊಂದು ೨೦೧೪ರ ಚುನಾವಣೆಯ ಕಾಲದಿಂದ ದೇಶದಲ್ಲೆಲ್ಲ ಕೇಳಿಬಂದಿತು. ಕನ್ನಡಕ್ಕೆ ಅದು ಬರುವಾಗ ‘ತಿನ್ನು’ ಎಂದೇ ಬರಬೇಕಾಯಿತು. ‘ಉಣ್ಣುವುದಿಲ್ಲ, ಉಣ್ಣಲು ಬಿಡುವುದಿಲ್ಲ’ ಎಂದು ಅನುವಾದಿಸಿದ್ದರೆ ಅದು ಭ್ರಷ್ಟಾಚಾರದ ವಿರುದ್ಧ ಆಡಿದ ಮಾತಾಗದೆ ಬರಗಾಲದ ಶಾಪದಂತೆ ಕೇಳುತ್ತಿತ್ತು.

ಹೀಗೆ ಕನ್ನಡದ ಸಹಜ ಹಂಚಿಕೆಯಲ್ಲಿ ಮತದಾರನಿಗೆ ‘ಉಣ್ಣು’, ಅಧಿಕಾರಸ್ಥನಿಗೆ ‘ತಿನ್ನು’ ದೊರೆತಿತ್ತು. ಇದು ಜನ ತಾವಾಗಿ ಮಾಡಿಕೊಂಡ ನೈತಿಕ ವಿಂಗಡಣೆ. ಈಗ ಈ ಹಂಚಿಕೆ ಕದಲುತ್ತಿದೆ. ‘ಬಿರಿಯಾನಿ ತಿಂದು ಓಟು ಹಾಕುವವರು’ ಎಂಬ ಮಾತು ಓದುಬರಹ ಬಲ್ಲವರ ನಡುವೆ ಸಾಮಾನ್ಯವಾಗಿದೆ. ಅಧಿಕಾರಸ್ಥನಿಗೆ ಸಲ್ಲುತ್ತಿದ್ದ ಕ್ರಿಯಾಪದವನ್ನು ಇಲ್ಲಿ ಉಂಡವನ ತಲೆಗೆ ಕಟ್ಟಲಾಗಿದೆ. ಬಿರಿಯಾನಿ ಊಟವೇ ಹೊರತು ತಿಂಡಿಯಲ್ಲ. ಪದಾರ್ಥ ಈ ಬದಲಾವಣೆಯನ್ನು ಬಯಸುವುದಿಲ್ಲ. ಬಯಸಿದ್ದು ಹೇಳುವವನ ದೃಷ್ಟಿ.

೩

ಇಂಥ ಮಾತುಗಳ ಹಿಂದೆ ಒಂದು ತರ್ಕವಿದೆ: ಉಂಡವನು ಋಣಿ; ಋಣ ತೀರಿಸಲು ಅವನಲ್ಲಿರುವುದು ಓಟೊಂದೇ; ಆದ್ದರಿಂದ ಉಂಡವನ ಓಟು ಅವನದಲ್ಲ. ಈ ತರ್ಕಕ್ಕೆ ಮಧ್ಯಯುಗದ ಕನ್ನಡದಲ್ಲಿ ಆಧಾರವುಂಟೆಂದು ಯಾರಾದರೂ ಹೇಳಿದರೆ ಅದು ಮೇಲುನೋಟಕ್ಕೆ ಸರಿಯೆಂದೇ ತೋರುತ್ತದೆ. ನಾವೇ ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಚುನಾವಣೆಯ ಬಾಡೂಟವನ್ನು ‘ಆಧುನಿಕ ಜೋಳವಾಳಿ’ ಎಂದು ವಿವರಿಸಿದ್ದುಂಟು. ಆ ವಿವರಣೆ ವಿದ್ಯಾರ್ಥಿಗಳಿಗೆ ಹಿಡಿಸಿತ್ತು, ನಮಗೂ ಹಿಡಿಸಿತ್ತು. ಅದು ತಪ್ಪೆಂದು ಈಗ ಅನಿಸುತ್ತದೆ. ಏಕೆ ತಪ್ಪೆಂಬುದನ್ನು ಹೇಳುವುದು ಈ ಲೇಖನದ ಒಂದು ಹೊಣೆ.

ಜೋಳವಾಳಿ ಅಥವಾ ಜೋಳದ ಪಾಳಿ ಎಂದರೆ ಒಡೆಯನ ಜೋಳವನ್ನು ಉಂಡವನು ಪಾಲಿಸಬೇಕಾದ ಧರ್ಮ. ‘ಪಾಳಿ’ ಎಂಬುದಕ್ಕೆ ಕ್ರಮ, ಕಟ್ಟಳೆ ಎಂಬ ಅರ್ಥ. ಹತ್ತನೆಯ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನ ಪಾತ್ರದ ಬಿಗಿ ನಿಂತಿರುವುದು ಈ ಕಟ್ಟಳೆಯ ಮೇಲೆ. ತನ್ನ ಹುಟ್ಟಿನ ನಿಜ ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡಲಾರ. ರಕ್ತದ ಸಂಬಂಧಕ್ಕಿಂತ ಅನ್ನದ ಸಂಬಂಧ ಅಲ್ಲಿ ಮೇಲಾಗುತ್ತದೆ. ಇದರೊಡನೆ ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳೂ ಶಾಸನಗಳಲ್ಲಿ ಬರುತ್ತವೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಪ್ರಕಟವಾದಂದಿನಿಂದ ಈ ಪದಗಳು ನಮ್ಮ ವಿದ್ವಲ್ಲೋಕಕ್ಕೆ ಚಿರಪರಿಚಿತ. ಒಡೆಯನು ಸತ್ತಾಗ ತಾನೂ ಪ್ರಾಣ ಬಿಡುವೆನೆಂಬ ಪ್ರತಿಜ್ಞೆ ಈ ಧರ್ಮದ ತುತ್ತತುದಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬಶಾಸನವು ಇಮ್ಮಡಿ ಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನು ಹೆಂಡತಿ ಹಾಗೂ ಸಂಗಡಿಗರೊಡನೆ ಹಾಗೆ ಪ್ರಾಣತ್ಯಾಗ ಮಾಡಿದುದನ್ನು ದಾಖಲಿಸುತ್ತದೆ.

ಬಾಡೂಟವನ್ನು ಇದಕ್ಕೆ ಹೋಲಿಸುವಾಗ ನಾವು ಎರಡು ಸಂಗತಿಗಳನ್ನು ಮರೆತಿದ್ದೆವು. ಮೊದಲನೆಯದು, ಜೋಳವಾಳಿ ಏಕಮುಖದ ಋಣವಲ್ಲ. ಒಡೆಯನು ಒಂದು ರಾತ್ರಿ ಉಣ್ಣಿಸಿ ಹೋಗುತ್ತಿರಲಿಲ್ಲ, ಬಾಳಿನುದ್ದಕ್ಕೂ ಉಣ್ಣಿಸುತ್ತಿದ್ದ. ವೀರನು ಬಿದ್ದ ಮೇಲೆ ಅವನ ಮನೆಯವರಿಗೆ ನೆಲವನ್ನು ಬಿಡುತ್ತಿದ್ದ. ನೆತ್ತರುಗೊಡಗೆ ಎಂಬ ಹೆಸರೇ ಆ ಮರುಪಾವತಿಯ ಸಾಕ್ಷಿ. ಅಂದರೆ ಉಂಡವನ ಋಣ ತೀರಿದ ಕ್ಷಣದಲ್ಲಿ ಉಣ್ಣಿಸಿದವನ ಋಣ ಆರಂಭವಾಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಕ್ರೌರ್ಯವಿತ್ತು, ಅಸಮಾನತೆಯಿತ್ತು. ಅದನ್ನು ಕೊಂಡಾಡುವ ಉದ್ದೇಶ ನಮಗಿಲ್ಲ. ಆದರೆ ಅದಕ್ಕೆ ಎರಡು ಬದಿಗಳಿದ್ದವು. ಮತದಾನದ ಹಿಂದಿನ ರಾತ್ರಿಯ ಊಟಕ್ಕೆ ಆ ಎರಡನೆಯ ಬದಿಯಿಲ್ಲ. ಐದು ವರ್ಷ ಉಣ್ಣಿಸುವೆನೆಂಬ ಕಟ್ಟಳೆಯಾಗಲಿ, ಬಿದ್ದವನ ಮನೆಯವರನ್ನು ನೋಡಿಕೊಳ್ಳುವ ಕೊಡಗೆಯಾಗಲಿ ಅದರಲ್ಲಿಲ್ಲ.

ಎರಡನೆಯದು, ಜೋಳವಾಳಿ ಬಹಿರಂಗ ಪ್ರತಿಜ್ಞೆ. ಅದನ್ನು ಸಭೆಯಲ್ಲಿ ಆಡಬೇಕು, ಲೋಕ ಕೇಳಬೇಕು, ಕೊನೆಗೆ ಕಲ್ಲಿನಲ್ಲಿ ಕಡೆಯಬೇಕು. ಮತದಾನವಾದರೋ ಕಾನೂನಿನಿಂದಲೇ ಗೋಪ್ಯ. ೧೯೫೧ರ ಪ್ರಜಾಪ್ರತಿನಿಧಿತ್ವ ಕಾಯಿದೆ ಮತದ ಗೋಪ್ಯತೆಯನ್ನು ಕಾಪಾಡುವ ಹೊಣೆಯನ್ನು ಮತಗಟ್ಟೆಯ ಸಿಬ್ಬಂದಿಯ ಮೇಲೆ ಹೊರಿಸಿದೆ. ಯಾರೂ ನೋಡಲಾಗದ ಕಡೆ ಜೋಳವಾಳಿ ನಡೆಯಲಾರದು. ಉಣ್ಣಿಸಿದವರಿಗೂ ಇದು ಗೊತ್ತು. ಆದ್ದರಿಂದಲೇ ಕೆಲವೆಡೆ ಊಟಕ್ಕೋ ಹಣಕ್ಕೋ ಮೊದಲು ದೇವರ ಮುಂದೆ ಆಣೆ ಹಾಕಿಸುವುದುಂಟು. ಆಣೆ ಬೇಕಾಯಿತೆಂಬುದೇ ಊಟವೊಂದೇ ಯಾರನ್ನೂ ಕಟ್ಟಿಹಾಕದು ಎಂಬುದಕ್ಕೆ ಉಣ್ಣಿಸುವವರು ಕೊಟ್ಟ ಒಪ್ಪಿಗೆಪತ್ರ.

೪

ನಮ್ಮ ತಪ್ಪನ್ನು ತಿದ್ದಿದ್ದು ಗ್ರಂಥವಲ್ಲ. ಮತ ಹಾಕಲೆಂದು ಊರಿಗೆ ಹೋಗಿದ್ದಾಗ, ಮತಗಟ್ಟೆಯ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ, ವಯಸ್ಸಿನಲ್ಲಿ ನಮಗಿಂತ ಬಹಳ ಹಿರಿಯಳಾದ ಹೆಂಗಸನ್ನು ಹಿಂದಿನ ರಾತ್ರಿಯ ಬಾಡೂಟದ ವಿಷಯ ಕೇಳಿದೆವು. ಅವಳು ಸಂಕೋಚಪಡಲಿಲ್ಲ. ‘ಮೂರು ಕಡೆಯೋರೂ ಕರುದ್ರು, ಮೂರು ಕಡೇನೂ ಉಂಡೆ ಕಣಪ್ಪ. ಉಂಡಿದ್ದು ಊರೊಳಗೆ ಬಾಳಾಕೆ. ಒಳಕ್ಕೋದ್ಮೇಲೆ ಓಟು ನಂದು’ ಎಂದಳು.

ಈ ಮಾತನ್ನು ಜಾಣತನವೆಂದು ಮೆಚ್ಚಿ ಬಿಡುವುದು ಸುಲಭ. ಆದರೆ ಇದರಲ್ಲಿ ಖಚಿತವಾದ ವಿಚಾರವಿದೆ. ಹಳ್ಳಿಯಲ್ಲಿ ಕರೆದ ಊಟವನ್ನು ನಿರಾಕರಿಸುವುದೆಂದರೆ ಸಂಬಂಧವನ್ನು ನಿರಾಕರಿಸಿದಂತೆ. ಕರೆದವನು ಜಮೀನಿನ ಪಕ್ಕದವನಿರಬಹುದು, ಕೂಲಿ ಕೊಡುವವನಿರಬಹುದು, ಕಷ್ಟಕ್ಕೆ ಸಾಲ ಕೊಟ್ಟವನಿರಬಹುದು. ಅಲ್ಲಿಗೆ ಹೋಗಿ ಎಲೆಯ ಮುಂದೆ ಕೂತದ್ದು ಊರಿನ ಬದುಕಿಗೆ ಸಲ್ಲಿಸಿದ ಬಾಕಿ. ಅದು ಅಲ್ಲಿಗೆ ತೀರಿತು. ಮತಗಟ್ಟೆಯ ಒಳಗಿನ ಲೆಕ್ಕವೇ ಬೇರೆ. ಅವಳು ಎರಡು ಲೆಕ್ಕಗಳನ್ನು ಬೆರಸಲಿಲ್ಲ, ಬೆರಸಿದವರು ನಾವು. ಅವಳು ‘ಉಂಡೆ’ ಎಂದಳೇ ಹೊರತು ‘ತಿಂದೆ’ ಎನ್ನಲಿಲ್ಲ ಎಂಬುದನ್ನೂ ಗಮನಿಸಬೇಕು.

ಎಲ್ಲ ಮತದಾರರೂ ಹೀಗೆಯೇ ವಿಂಗಡಿಸುತ್ತಾರೆಂದು ಒಬ್ಬಳ ಮಾತಿನಿಂದ ಸಾಧಿಸಲಾಗದು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆಗೆ ಇಂದೂ ಬಲವಿದೆ. ಅದಕ್ಕೆ ಅಂಜಿ ಓಟು ಹಾಕುವವರೂ ಇದ್ದಾರೆ. ಊಟದ ಜೊತೆಗೆ ಹೆಂಡವೂ ನೋಟೂ ಬಂದಾಗ ಚುನಾವಣೆಯೇ ಕೆಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಬಾಡೂಟ ಹಾಕಿಸಿದವರನ್ನು ನಾವು ಸಮರ್ಥಿಸುತ್ತಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಆ ತಪ್ಪಿಗೆ ಹೆಸರಿಡುವಾಗ ಭಾಷೆ ಬೆರಳು ತೋರಿಸುವುದು ಯಾರ ಕಡೆಗೆ?

ಈ ವಿಷಯದಲ್ಲಿ ಕಾನೂನಿನ ಭಾಷೆ ನಮ್ಮ ಆಡುಮಾತಿಗಿಂತ ಸೂಕ್ಷ್ಮವಾಗಿದೆ. ಭಾರತೀಯ ದಂಡಸಂಹಿತೆಗೆ ೧೯೨೦ರಲ್ಲಿ ಚುನಾವಣಾ ಅಪರಾಧಗಳ ಅಧ್ಯಾಯವನ್ನು ಸೇರಿಸಿದಾಗ, ಲಂಚಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಿ, ಅನ್ನ, ಪಾನೀಯ, ಮನರಂಜನೆ, ದವಸಧಾನ್ಯದಂಥವುಗಳ ರೂಪದಲ್ಲಿ ನಡೆಯುವ ಸತ್ಕಾರವನ್ನು ಲಂಚದ ಒಂದು ಬಗೆಯೆಂದು ಹೇಳಿ, ಅದಕ್ಕೆ ದಂಡ ಮಾತ್ರವೇ ಸಾಕೆಂದು ಬಿಟ್ಟರು. ಅದು ೧೭೧-ಇ ಕಲಮು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೭೩ನೆಯ ಕಲಮು ಇದೇ ವಿಂಗಡಣೆಯನ್ನು ಉಳಿಸಿಕೊಂಡಿದೆ. ಅನ್ನ ಹಾಕಿದ್ದೂ ನೋಟು ಕೊಟ್ಟದ್ದೂ ಎರಡೂ ತಪ್ಪು, ಆದರೆ ಎರಡೂ ಒಂದೇ ತೂಕದ ತಪ್ಪಲ್ಲ ಎಂಬುದು ಶತಮಾನದಿಂದ ನಮ್ಮ ಕಾನೂನಿನ ನಿಲುವು. ಅನ್ನದಲ್ಲಿ ಲಂಚವಲ್ಲದ ಅಂಶವೊಂದಿದೆ ಎಂಬುದನ್ನು ಶಾಸನಕರ್ತರೂ ಅಲ್ಲಗಳೆಯಲಾರದೆ ಹೋದರು.

೫

ಋಣದ ದಿಕ್ಕು ತಿರುಗಿದುದಕ್ಕೆ ‘ಬಿಟ್ಟಿ’ ಎಂಬ ಪದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇರೆಯಿಲ್ಲ. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ವಿಷ್ಟಿಯೆಂದರೆ ಕೂಲಿಯಿಲ್ಲದ ಬಲವಂತದ ದುಡಿಮೆ. ಶಾಸನಗಳ ಕಾಲದಿಂದಲೂ ಬಿಟ್ಟಿಯೆಂದರೆ ಆಳುವವರು ಪ್ರಜೆಗಳಿಂದ ಪುಕ್ಕಟೆಯಾಗಿ ಮಾಡಿಸಿಕೊಳ್ಳುತ್ತಿದ್ದ ಕೆಲಸ. ಕೆರೆಯ ಮಣ್ಣು ಹೊತ್ತವರು, ಅಧಿಕಾರಿಯ ಸಾಮಾನು ಸಾಗಿಸಿದವರು ಬಿಟ್ಟಿ ಮಾಡಿದವರು. ‘ಬಿಟ್ಟಿ ಚಾಕರಿ’, ‘ಬಿಟ್ಟಿ ಬೇಗಾರಿ’ ಎಂಬ ಜೋಡುಮಾತುಗಳಲ್ಲಿ ಆ ನೆನಪು ಇನ್ನೂ ಉಳಿದಿದೆ. ಸಂವಿಧಾನದ ೨೩ನೆಯ ಅನುಚ್ಛೇದ ಬೇಗಾರಿಯನ್ನು ಹೆಸರಿಸಿಯೇ ನಿಷೇಧಿಸಬೇಕಾಯಿತೆಂದರೆ ಅದರ ಬೇರು ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು ಊಹಿಸಬಹುದು. ಕೊಡದೆ ಪಡೆದವನು ಒಡೆಯ. ಪಡೆಯದೆ ಕೊಟ್ಟವನು ಬಡವ. ಇದು ಪದದ ಮೊದಲ ಲೆಕ್ಕ.

ಕಾಲಕ್ರಮದಲ್ಲಿ ‘ಬಿಟ್ಟಿ’ ಎಂದರೆ ಪುಕ್ಕಟೆ ಎಂಬ ಸಾಮಾನ್ಯ ಅರ್ಥ ಬಂದಿತು. ಅರ್ಥವ್ಯಾಪ್ತಿ ಹಿಗ್ಗುವುದು ಭಾಷೆಗೆ ಸಹಜ. ಅದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಆದರೆ ಈಚಿನ ರಾಜಕೀಯ ಬಳಕೆಯಲ್ಲಿ ಪದ ಪೂರ್ತಿಯಾಗಿ ತಲೆಕೆಳಗಾಗಿದೆ. ೨೦೧೩ರ ಜುಲೈಯಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ಮೇಲೆ ‘ಬಿಟ್ಟಿ ಅಕ್ಕಿ’ ಎಂಬ ಮಾತು ಹರಡಿತು. ೨೦೨೩ರ ವಿಧಾನಸಭಾ ಚುನಾವಣೆಯ ತರುವಾಯ ಐದು ಗ್ಯಾರಂಟಿ ಯೋಜನೆಗಳು ಬಂದಾಗ ‘ಬಿಟ್ಟಿ ಭಾಗ್ಯ’ ಎಂಬುದು ನಿತ್ಯದ ಅಣಕವಾಯಿತು. ಈ ನಡುವೆ ೨೦೨೨ರ ಜುಲೈಯಲ್ಲಿ ಉತ್ತರಪ್ರದೇಶದ ಸಮಾರಂಭವೊಂದರಲ್ಲಿ ಪ್ರಧಾನಿಯವರು ಆಡಿದ ‘ರೇವಡಿ ಸಂಸ್ಕೃತಿ’ ಎಂಬ ನುಡಿ ಕನ್ನಡ ಪತ್ರಿಕೆಗಳಿಗೂ ಬಂದಿತು. ಎಳ್ಳುಬೆಲ್ಲದ ಆ ಉತ್ತರದೇಶದ ಮಿಠಾಯಿ ಕನ್ನಡದ ಓದುಗರಲ್ಲಿ ಹೆಚ್ಚಿನವರ ನಾಲಗೆಗೆ ಪರಿಚಿತವಲ್ಲ. ಅದರ ಜಾಗವನ್ನು ತುಂಬಲು ಸಿದ್ಧವಾಗಿದ್ದ ದೇಶೀ ಪದವೇ ಬಿಟ್ಟಿ. ಹೀಗೆ, ಯಾರ ಹಿರಿಯರಿಂದ ಬಿಟ್ಟಿಯಾಗಿ ದುಡಿಸಿಕೊಳ್ಳಲಾಗಿತ್ತೋ ಅವರ ಮೊಮ್ಮಕ್ಕಳಿಗೆ ಐದೋ ಹತ್ತೋ ಕಿಲೋ ಅಕ್ಕಿ ಸಿಕ್ಕಾಗ ಅದೇ ಪದದಿಂದ ಅವರನ್ನು ಹಂಗಿಸಲಾಗುತ್ತಿದೆ. ಸಾಲ ಕೊಟ್ಟವನ ಹೆಸರು ಸಾಲಗಾರನ ಪಟ್ಟಿಗೆ ಸೇರಿದೆ.

ಯೋಜನೆಗಳ ಆರ್ಥಿಕ ಒಳಿತು ಕೆಡುಕುಗಳನ್ನು ಚರ್ಚಿಸುವುದು ನಮ್ಮ ಶಿಸ್ತಿನ ಕೆಲಸವಲ್ಲ. ಅವುಗಳನ್ನು ವಿರೋಧಿಸುವವರಿಗೂ ಸಕಾರಣವಾದ ವಾದಗಳಿರಬಹುದು. ಆದರೆ ಹೆಸರಿಡುವವರೂ ಈ ಗೊಂದಲಕ್ಕೆ ಹೊಣೆಯೆಂಬುದನ್ನು ಹೇಳಲೇಬೇಕು. ‘ಭಾಗ್ಯ’ವೆಂಬುದು ಅದೃಷ್ಟದ ಮಾತು, ದೊರೆಯೋ ದೈವವೋ ಒಲಿದು ಕೊಟ್ಟದ್ದು ಭಾಗ್ಯ. ಅದೇ ೨೦೧೩ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಅಕ್ಕಿಯನ್ನು ಕಾನೂನುಬದ್ಧ ಹಕ್ಕಾಗಿಸಿತ್ತು. ಹಕ್ಕಿನ ವಸ್ತುವಿಗೆ ಭಾಗ್ಯದ ಹೆಸರಿಟ್ಟೊಡನೆ ಪಡೆದವನು ಋಣಿಯಾಗುತ್ತಾನೆ, ಕೊಟ್ಟವನು ಒಡೆಯನಾಗುತ್ತಾನೆ. ಹತ್ತು ವರ್ಷಗಳ ಅನಂತರ ಬಂದ ‘ಗ್ಯಾರಂಟಿ’ ಅಂಗಡಿಯ ಮಾತು. ಅದರಲ್ಲಿ ಕೊಟ್ಟವನಿಗೂ ಹೊಣೆಯಿದೆ ಎಂಬ ಧ್ವನಿಯಾದರೂ ಇದೆ. ಕೊಟ್ಟ ಮಾತು ತಪ್ಪಿದರೆ ಅಂಗಡಿಗೆ ಹೋಗಿ ಕೇಳಬಹುದು. ಆದರೂ ಅದು ನಾಗರಿಕನನ್ನು ಗಿರಾಕಿಯಾಗಿಸುತ್ತದೆ. ‘ಹಕ್ಕು’ ಎಂಬ ಎರಡಕ್ಷರದ ಪದ ಈ ಎಲ್ಲ ನಾಮಕರಣಗಳಲ್ಲಿ ಎಲ್ಲಿಯೂ ಬರಲಿಲ್ಲ.

ಗಂಜಿಯ ಕಥೆಯೂ ಇಂಥದೇ. ಬರ, ನೆರೆಗಳ ಕಾಲದಲ್ಲಿ ತೆರೆಯುವ ಗಂಜಿಕೇಂದ್ರ ಜೀವ ಉಳಿಸುವ ತಾಣ. ಅಲ್ಲಿ ಉಂಡವರನ್ನು ಯಾರೂ ಹೀಗಳೆಯುತ್ತಿರಲಿಲ್ಲ. ಸ್ಥಾನ ಸಿಗದ ರಾಜಕ ಾರಣಿಗಳಿಗೆ ಕೊಡುವ ನಿಗಮ, ಮಂಡಳಿಗಳನ್ನು ಗಂಜಿಕೇಂದ್ರವೆಂದು ಕರೆದಾಗ ಆ ವ್ಯಂಗ್ಯ ಮೇಲಿನವರ ಕಡೆಗಿತ್ತು; ಹಸಿದವನ ಗಂಜಿಯನ್ನು ಹೊಟ್ಟೆ ತುಂಬಿದವನು ಕುಡಿಯುತ್ತಿದ್ದಾನೆಂಬ ಟೀಕೆ ಅದರಲ್ಲಿತ್ತು. ಈಚೆಗೆ ಸಾಹಿತಿಗಳನ್ನೂ ವಿಚಾರವಾದಿಗಳನ್ನೂ ಹಳಿಯಲು ‘ಗಂಜಿ ಗಿರಾಕಿ’ ಎಂಬ ಪ್ರಯೋಗ ಬಂದಿದೆ. ಸರಕಾರದ ಗಂಜಿ ಕುಡಿದವನು ಸರಕಾರದ ಮಾತನ್ನೇ ಆಡುತ್ತಾನೆಂಬುದು ಇದರ ಇಂಗಿತ. ಇದು ಎರಡು ಬದಿಗಳಲ್ಲಿ ಒಂದನ್ನು ಕಳೆದುಕೊಂಡ ಜೋಳವಾಳಿಯೇ. ಗಂಜಿ ಕುಡಿದೂ ಕೊಟ್ಟವನನ್ನು ಪ್ರಶ್ನಿಸಬಹುದೆಂಬ ಸಾಧ್ಯತೆ ಈ ಪದಕ್ಕೆ ಹೊಳೆಯುವುದಿಲ್ಲ. ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದ ಆ ಮುದುಕಿಗೆ ಹೊಳೆದಿತ್ತು.

ಅಡುಗೆಮನೆಯಿಂದ ರಾಜಕಾರಣಕ್ಕೆ ಹೋದ ಪದಗಳಂತೆ ರಾಜಕಾರಣದಿಂದ ಅಡುಗೆಮನೆಗೆ ಬಂದ ಪದಗಳೂ ಇವೆ. ಸಮ್ಮಿಶ್ರ ಸರಕಾರ ಕಲಸುಮೇಲೋಗರವಾದರೆ, ಮನೆಯಲ್ಲಿ ಹೆಂಡತಿ ‘ಹೈಕಮಾಂಡ್’ ಆಗುತ್ತಾಳೆ. ‘ಹೈಕಮಾಂಡ್ ಕೇಳಿ ಹೇಳುತ್ತೇನೆ’ ಎಂಬ ಗಂಡಸರ ವಿನೋದ ಮುಂಬಯಿ, ದೆಹಲಿಗಳ ಕನ್ನಡ ಕುಟುಂಬಗಳಲ್ಲಿಯೂ ಕೇಳಿಬರುತ್ತದೆ. ದಿನಕ್ಕೆ ಎರಡು ಹೊತ್ತು ಉಣ್ಣಿಸುವವಳಿಗೆ ಋಣದ ಲೆಕ್ಕದಲ್ಲಿ ಏನೂ ಸಲ್ಲದಿರುವಾಗ, ಇಲ್ಲದ ಅಧಿಕಾರವನ್ನು ಹೆಸರಿನಲ್ಲಿ ಕೊಟ್ಟು ಲೆಕ್ಕ ಚುಕ್ತಾ ಮಾಡುವ ಉಪಾಯವಿದು. ಒಂದು ರಾತ್ರಿ ಉಣ್ಣಿಸಿದವನಿಗೆ ಓಟಿನ ಮೇಲೆ ಹಕ್ಕುಂಟೆಂದು ನಂಬುವ ಭಾಷೆ, ಬಾಳೆಲ್ಲ ಉಣ್ಣಿಸಿದವಳ ವಿಷಯದಲ್ಲಿ ನಗೆಯಾಡಿ ಸುಮ್ಮನಾಗುತ್ತದೆ.

೬

ಮಧ್ಯಯುಗದ ಕನ್ನಡ ಅನ್ನದ ಋಣಕ್ಕೆ ಜೋಳವಾಳಿಯ ಉತ್ತರವೊಂದನ್ನೇ ಕೊಟ್ಟಿದ್ದರೆ ನಾವು ಹತಾಶರಾಗಬೇಕಿತ್ತು. ಹನ್ನೆರಡನೆಯ ಶತಮಾನದ ಶರಣರು ಮತ್ತೊಂದು ಉತ್ತರ ಕೊಟ್ಟರು. ಅದು ದಾಸೋಹ. ‘ದಾಸೋಽಹಂ’, ಅಂದರೆ ‘ನಾನು ದಾಸ’ ಎಂಬುದು ಆ ಪದದ ನಿಷ್ಪತ್ತಿ. ಇಲ್ಲಿ ದಾಸನೆಂದು ಹೇಳಿಕೊಳ್ಳುವವನು ಉಣ್ಣಿಸುವವನು, ಉಣ್ಣುವವನಲ್ಲ. ಜೋಳವಾಳಿಯ ಬಾಣ ಉಂಡವನತ್ತ ತಿರುಗಿದ್ದರೆ ದಾಸೋಹದ ಬಾಣ ಉಣ್ಣಿಸಿದವನತ್ತ ತಿರುಗಿದೆ. ಕಾಯಕದಿಂದ ಬಂದುದನ್ನು ಸಲ್ಲಿಸಿದವನಿಗೆ ಉಂಡವರಿಂದ ಏನನ್ನೂ ಕೇಳುವ ಅಧಿಕಾರವಿಲ್ಲ. ಪ್ರಜಾಪ್ರಭುತ್ವದ ಲೆಕ್ಕಕ್ಕೆ ಇದು ಹತ್ತಿರವಾದದ್ದು. ತೆರಿಗೆಯ ಹಣದಿಂದ ಉಣ್ಣಿಸುವವನು ಪ್ರಜೆಯ ದಾಸನೇ ಆಗಬೇಕು. ಪ್ರಜೆ ಅವನ ಋಣಿಯಲ್ಲ.

ಈ ಪದ ಗ್ರಂಥಗಳಲ್ಲಿ ಮಾತ್ರ ಉಳಿದಿಲ್ಲ. ನಮ್ಮ ಮತಗಟ್ಟೆಗಳಲ್ಲಿ ಹೆಚ್ಚಿನವು ಸರಕಾರಿ ಶಾಲೆಗಳಲ್ಲಿರುತ್ತವೆ. ಆ ಶಾಲೆಗಳಲ್ಲಿ ಮಕ್ಕಳಿಗೆ ಬಿಸಿಯೂಟ ಹಾಕುವ ಯೋಜನೆಯ ಹೆಸರು ಅಕ್ಷರ ದಾಸೋಹ. ಹಳ್ಳಿಗಳಲ್ಲಿ ಮತದಾನದ ದಿನ ಹೊರಗಿನಿಂದ ಬಂದ ಸಿಬ್ಬಂದಿಗೆ ಉಪ್ಪಿಟ್ಟು, ಅನ್ನಸಾರು ಮಾಡಿಹಾಕುವವರು ಎಷ್ಟೋ ಕಡೆ ಅದೇ ಬಿಸಿಯೂಟದ ಅಡುಗೆಯವರು. ಯಾವ ಪಕ್ಷದ ಆತಿಥ್ಯವನ್ನೂ ಒಪ್ಪಬಾರದ ಸಿಬ್ಬಂದಿ ಆ ಅನ್ನವನ್ನು ಧಾರಾಳವಾಗಿ ಉಣ್ಣಬಹುದು. ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಮತಗಟ್ಟೆಯಿಂದ ನೂರು ಮೀಟರಿನೊಳಗೆ ಮತಯಾಚನೆ ನಿಷಿದ್ಧ. ಆ ಗೆರೆಯಾಚೆ ಪಕ್ಷಗಳ ಮೇಜುಗಳಲ್ಲಿ ಕಾರ್ಯಕರ್ತರಿಗೆ ಪಲಾವಿನ ಪೊಟ್ಟಣಗಳು ಬರುತ್ತವೆ. ಈಚೆ ದಾಸೋಹದ ಒಲೆ ಉರಿಯುತ್ತದೆ. ನಾವು ಹೇಳುತ್ತಿರುವ ಎರಡು ಲೆಕ್ಕಗಳ ನಡುವಿನ ಗೆರೆ ಅಲ್ಲಿ ನೆಲದ ಮೇಲೆಯೇ ಎಳೆದಂತಿದೆ.

ನಗರದಲ್ಲಿ ಈಚೆಗೆ ಇನ್ನೊಂದು ಸಂಪ್ರದಾಯ ಹುಟ್ಟಿಕೊಂಡಿದೆ. ೨೦೧೮, ೨೦೨೩, ೨೦೨೪ರ ಚುನಾವಣೆಗಳಲ್ಲಿ ಬೆಂಗಳೂರಿನ ಕೆಲವು ಹೋಟೆಲುಗಳು ಬೆರಳಿನ ಶಾಯಿ ತೋರಿಸಿದವರಿಗೆ ಉಚಿತವಾಗಿ ದೋಸೆ, ಕಾಫಿಗಳನ್ನೋ ಬೆಲೆಯಲ್ಲಿ ರಿಯಾಯಿತಿಯನ್ನೋ ಕೊಟ್ಟವು. ೨೦೨೪ರಲ್ಲಿ ಈ ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಗಿ ಅನುಮತಿ ದೊರೆಯಿತು. ಆ ಶಾಯಿಯೂ ನಮ್ಮ ಮೈಸೂರಿನದೇ. ೧೯೩೭ರಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ೧೯೬೨ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಅದರ ಶಾಯಿ ಹತ್ತುತ್ತಿದೆ. ಶಾಯಿ ಓಟು ಹಾಕಿದ್ದನ್ನು ಹೇಳುತ್ತದೆ, ಯಾರಿಗೆಂಬುದನ್ನು ಹೇಳುವುದಿಲ್ಲ. ದೋಸೆಯೂ ಅದನ್ನು ಕೇಳುವುದಿಲ್ಲ. ಆದ್ದರಿಂದ ಈ ದೋಸೆಗೂ ಹಿಂದಿನ ರಾತ್ರಿಯ ಬಾಡೂಟಕ್ಕೂ ನಿಜವಾದ ಭೇದವಿದೆ, ಅದನ್ನು ಮರೆಮಾಚಬಾರದು. ಆದರೂ ಒಂದು ಮಾತು. ಪುಕ್ಕಟೆ ದೋಸೆ ಸವಿದ ನಗರದ ಮತದಾರನನ್ನು ಯಾರೂ ‘ಬಿಟ್ಟಿ ತಿಂದವನು’ ಎನ್ನಲಿಲ್ಲ. ಅದು ‘ಪ್ರೋತ್ಸಾಹ’ವಾಯಿತು, ‘ಕೊಡುಗೆ’ಯಾಯಿತು. ಹಕ್ಕಿನ ಅಕ್ಕಿಯೂ ಯಾರಿಗೆ ಓಟು ಹಾಕಿದೆಯೆಂದು ಕೇಳುವುದಿಲ್ಲ. ಆದರೆ ಅದಕ್ಕೆ ದೊರೆತ ಹೆಸರು ಬೇರೆ. ಪದ ಬದಲಾದದ್ದು ಅನ್ನದ ಗುಣದಿಂದಲ್ಲ, ಉಂಡವನ ಅಂತಸ್ತಿನಿಂದ.

ಸಂಶೋಧಕ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟು. ಚುನಾವಣೆಯ ಅನ್ನವನ್ನು ಕುರಿತ ಮಾತೊಂದನ್ನು ಬರೆದುಕೊಳ್ಳುವಾಗ ಅದರ ಅರ್ಥವನ್ನು ಮಾತ್ರ ಬರೆದುಕೊಳ್ಳಬಾರದು. ಬಡಿಸಿದವರು ಯಾರು, ಉಂಡವರು ಯಾರು, ಮಾತು ಬಂದದ್ದು ಯಾರ ಬಾಯಿಂದ, ಬಳಸಿದ ಕ್ರಿಯಾಪದ ಯಾವುದು ಎಂಬ ನಾಲ್ಕನ್ನೂ ದಾಖಲಿಸಬೇಕು. ಮುಂಬಯಿಯಲ್ಲಿರುವವರು ಮರಾಠಿಯ ‘ಜೇವಣೆ’, ‘ಖಾಣೆ’ಗಳನ್ನು, ಚೆನ್ನೈಯಲ್ಲಿರುವವರು ತಮಿಳಿನ ‘ಉಣ್’, ‘ತಿನ್’ಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸಿದರೆ, ಒಂದೇ ದೇಶದ ಮತದಾರರನ್ನು ಬೇರೆ ಬೇರೆ ಭಾಷೆಗಳು ಎಷ್ಟೆಷ್ಟು ಗೌರವದಿಂದ ನೋಡಿವೆ ಎಂಬುದು ತಿಳಿದೀತು. ಹೊರಗೆ ನಿಂತವರಿಗೆ ಕೆಲವೊಮ್ಮೆ ಮನೆಯ ಮಾತು ಹೆಚ್ಚು ನಿಚ್ಚಳವಾಗಿ ಕೇಳುವುದುಂಟು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಊಟವನ್ನೂ ಮಾತನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಊಟ ಬಲ್ಲವರು ಹಳ್ಳಿಗಳಲ್ಲಿದ್ದಾರೆ. ಮೂರು ಕಡೆ ಉಂಡೂ ತಮ್ಮ ಓಟನ್ನು ತಮ್ಮದಾಗಿಯೇ ಉಳಿಸಿಕೊಳ್ಳಬಲ್ಲರು. ಅವರನ್ನು ಕುರಿತು ಆಡುವ ಮಾತನ್ನು ಬಲ್ಲವರಾಗಬೇಕಾದವರು ನಾವು. ‘ಆಧುನಿಕ ಜೋಳವಾಳಿ’ ಎಂಬ ನಮ್ಮ ಹಳೆಯ ವಿವರಣೆಯನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇವೆ.